ಗಿಟ್ ಬೈಸೆಕ್ಟ್ ಬಳಸಿ ನೋಡಿದೆ: ಕವಲೊಡೆದ ಹಿಸ್ಟರಿಯಲ್ಲಿ ಇದನ್ನು ಎಷ್ಟು ನಂಬಬಹುದು?

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರ್ಕೆಟ್ ಸೋಮವಾರ ಮತ್ತು ಗುರುವಾರ. ಆ ಎರಡು ದಿನ ಸಂಜೆ ನಮ್ಮ ಹುಬ್ಬಳ್ಳಿ ಆಫೀಸಿಗೆ ಫೋನ್ ಬಂತು ಅಂದರೆ ಸುಮ್ನೆ ಬಂದಿರುವುದಿಲ್ಲ. ನಾವು ಐದು ಜನ ಸೇರಿ ಅಡತಿ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಅವತ್ತು ಫೋನ್ ಮಾಡಿದವರು ಒಂದು ಅಂಗಡಿಯ ಗುಮಾಸ್ತರು.

"ಸರ, ಮರುತೂಕ ಮಾಡಿದ್ ಲಾಟಿಗೆ ಚೀಲಕ್ಕೊಂದ್ ಕಿಲೋ ಕಡಿಮಿ ಬರಾಕತ್ತೈತ್ರಿ. ರೈತರು ಇಲ್ಲೇ ಕುಂತಾರ, ನಾ ಏನ್ ಹೇಳ್ಲಿ?"

ಚೀಟಿಯ ಫೋಟೋ ವಾಟ್ಸಾಪ್‌ಗೆ ಬಂತು. ಕಡ್ಡಿ ಮೆಣಸಿನಕಾಯಿ, 27 ಚೀಲ, ಒಟ್ಟು ತೂಕ 1,134 ಕಿಲೋ. ನಮ್ಮ ಸಾಫ್ಟ್‌ವೇರ್‌ನಲ್ಲಿ ಖಾಲಿ ಚೀಲಕ್ಕೆ ಒಂದು ಕಿಲೋ ಅಂತ ಹಾಕಿದ್ದೇವೆ. 27 ಕಳೆದರೆ 1,107 ಬರಬೇಕು. ಚೀಟಿಯಲ್ಲಿ ಇದ್ದದ್ದು 1,080. ಚೀಲದ ತೂಕ ಎರಡು ಸಲ ಕಳೆದುಹೋಗಿದೆ ಅಂತ ನೋಡಿದ ಕೂಡಲೇ ಗೊತ್ತಾಯಿತು. ಎಲ್ಲಿ ಕಳೆಯುತ್ತಿದೆ, ಯಾವತ್ತಿನಿಂದ ಕಳೆಯುತ್ತಿದೆ ಅನ್ನುವುದು ಮಾತ್ರ ಗೊತ್ತಾಗಲಿಲ್ಲ. ಆ 27 ಕಿಲೋ ಒಬ್ಬ ರೈತನ ದುಡ್ಡು. ಹಾಗಾಗಿ "ಎಲ್ಲಿ" ಅನ್ನುವಷ್ಟೇ "ಯಾವತ್ತಿನಿಂದ" ಅನ್ನುವುದೂ ನಮಗೆ ಮುಖ್ಯವಾಗಿತ್ತು.

ದೀಪಾವಳಿಗೆ ಕೊಟ್ಟ ಆವೃತ್ತಿಯಲ್ಲಿ ಈ ದೂರು ಇರಲಿಲ್ಲ. ಅಲ್ಲಿಂದ ಇಲ್ಲಿಗೆ ಆರು ವಾರ, 412 ಕಮಿಟ್, ಅಂದರೆ ಕೋಡ್‌ನಲ್ಲಿ ಮಾಡಿ ಉಳಿಸಿಟ್ಟ 412 ಬದಲಾವಣೆ. ಒಂದೊಂದೇ ಓದುತ್ತಾ ಕೂರಲು ಆಗುವುದಿಲ್ಲ. ಅದಕ್ಕೇ ಗಿಟ್ ಬೈಸೆಕ್ಟ್ ಹಿಡಿದೆ. ಗಿಟ್ ಅಂದರೆ ಕೋಡ್‌ನ ಪ್ರತಿ ಬದಲಾವಣೆಯ ದಾಖಲೆ (ಹಿಸ್ಟರಿ) ಇಡುವ ಸಾಫ್ಟ್‌ವೇರ್, ತಪ್ಪು ಯಾವ ಕಮಿಟ್‌ನಲ್ಲಿ ಬಂತು ಅಂತ ಹುಡುಕಿಕೊಡುವ ಅದರ ಆಜ್ಞೆಯೇ ಬೈಸೆಕ್ಟ್. ಮೊದಲೂ ಬಳಸಿದ್ದೆ, ಆದರೆ ಒಂದೇ ಗೆರೆಯಂತೆ ಸಾಗುವ ಚಿಕ್ಕ ರೆಪೊಗಳಲ್ಲಿ (ಕೋಡ್ ಮತ್ತು ಅದರ ಹಿಸ್ಟರಿ ಇರುವ ಫೋಲ್ಡರ್) ಮಾತ್ರ. ನಮ್ಮ ಈ ರೆಪೊ ಹಾಗಿಲ್ಲ. ಪ್ರತಿಯೊಬ್ಬರೂ ಬ್ರಾಂಚ್, ಅಂದರೆ ಬೇರೆ ಕವಲು, ತೆಗೆದು, ವಾರಗಟ್ಟಲೆ ಕೆಲಸ ಮಾಡಿ, ಆಮೇಲೆ ಮರ್ಜ್ ಮಾಡಿ ಮುಖ್ಯ ಗೆರೆಗೆ ಸೇರಿಸುತ್ತೇವೆ. ಚಿತ್ರ ಬರೆಸಿ ನೋಡಿದರೆ ಹೆಣೆದ ಜಡೆಯ ಹಾಗೆ ಕಾಣುತ್ತದೆ. ಇಂಥ ಹಿಸ್ಟರಿಯಲ್ಲಿ ಬೈಸೆಕ್ಟ್ ಹೇಗೆ ನಡೆದುಕೊಳ್ಳುತ್ತದೆ ಅಂತ ಬಿಡಿಸಿ ಬರೆದದ್ದು ಕನ್ನಡದಲ್ಲಿ ನನಗೆ ಸಿಗಲಿಲ್ಲ. ಅದಕ್ಕೇ ಈ ವಿಮರ್ಶೆ. ನನ್ನ ಅಂಕ ಐದಕ್ಕೆ ನಾಲ್ಕೂವರೆ. ಆ ಅರ್ಧ ಯಾಕೆ ಹೋಯಿತು ಅಂತಲೂ ಹೇಳುತ್ತೇನೆ.

ಇದು ಹೊಸ ಸಾಮಾನೇನಲ್ಲ. ಲಿನಸ್ ಟೊರ್ವಾಲ್ಡ್ಸ್ ಗಿಟ್ ಶುರು ಮಾಡಿದ್ದು 2005ರ ಏಪ್ರಿಲ್‌ನಲ್ಲಿ, ಬೈಸೆಕ್ಟ್ ಕೂಡ ಅದೇ ವರ್ಷ ಬಂತು. ನಮ್ಮ ಪರವಾಗಿ ತಾನೇ ಟೆಸ್ಟ್ ಓಡಿಸುವ 'ಬೈಸೆಕ್ಟ್ ರನ್' ಅನ್ನು 2007ರಲ್ಲಿ ಕ್ರಿಶ್ಚಿಯನ್ ಕೂಡೆ ಸೇರಿಸಿದರು. ದುಡ್ಡು ಕೊಡಬೇಕಾಗಿಲ್ಲ, ಬೇರೆ ಏನೂ ಹಾಕಿಕೊಳ್ಳಬೇಕಾಗಿಲ್ಲ, ಗಿಟ್ ಇದ್ದರೆ ಇದೂ ಇರುತ್ತದೆ.

ಗೆರೆಯಂಥ ಹಿಸ್ಟರಿಯಲ್ಲಿ ಇದರ ಲೆಕ್ಕ ಸುಲಭ. ನಡುವಿನ ಕಮಿಟ್ ತೆಗೆದುಕೊಡುತ್ತದೆ, ಸರಿ ಇದೆಯೋ ಕೆಟ್ಟಿದೆಯೋ ನಾವು ಹೇಳುತ್ತೇವೆ, ಅರ್ಧ ಉದುರುತ್ತದೆ. ಸಾವಿರ ಕಮಿಟ್ ಇದ್ದರೂ ಹತ್ತು ಸಲ ನೋಡಿದರೆ ಮುಗಿಯಿತು. ಆದರೆ ಕವಲೊಡೆದ ಹಿಸ್ಟರಿಗೆ "ನಡು" ಯಾವುದು? ಇದು ನನ್ನನ್ನು ತುಂಬಾ ಕಾಡಿದ ಪ್ರಶ್ನೆ.

ಉತ್ತರ ನಮ್ಮ ಹೊಳೆಗಳಲ್ಲೇ ಇದೆ. ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ ವರದಾ ಬಂದು ತುಂಗಭದ್ರೆಗೆ ಸೇರುತ್ತದೆ. ಆ ತುಂಗಭದ್ರೆ ಅನ್ನುವುದೂ ಮೇಲೆ ಕೂಡಲಿಯಲ್ಲಿ ತುಂಗೆ, ಭದ್ರೆ ಎರಡೂ ಸೇರಿ ಆದದ್ದು. ಗಳಗನಾಥದ ಕೆಳಗೆ ನೀರು ಕೆಟ್ಟಿದೆ ಅಂದುಕೊಳ್ಳಿ. ವರದೆಯಲ್ಲಿ ಒಂದು ಕಡೆ ಹೋಗಿ ನೋಡಿದಿರಿ, ನೀರು ಚೆನ್ನಾಗಿದೆ. ಅಲ್ಲಿಂದ ಮೇಲಕ್ಕೆ ವರದೆಯನ್ನು ಪೂರ್ತಿ ಬಿಟ್ಟುಬಿಡಬಹುದು, ಅಲ್ವಾ? ತುಂಗಭದ್ರೆಯ ಕಡೆ ನೋಡಿದಿರಿ, ಕೆಟ್ಟಿದೆ. ಹಾಗಾದರೆ ಅಲ್ಲಿಂದ ಮೇಲೆ ಮಾತ್ರ ಹುಡುಕಿದರೆ ಸಾಕು, ವರದೆಯ ಗೊಡವೆಯೇ ಬೇಡ. ಬೈಸೆಕ್ಟ್ ಮಾಡುವುದೂ ಇದನ್ನೇ. ಅನುಮಾನದ ಪಟ್ಟಿಯಲ್ಲಿರುವ ಪ್ರತಿ ಕಮಿಟ್‌ಗೂ ಅದರ ಮೇಲ್ಗಡೆ ಎಷ್ಟು ಕಮಿಟ್ ಬರುತ್ತವೆ ಅಂತ ಎಣಿಸುತ್ತದೆ. ಯಾವುದನ್ನು ನೋಡಿದರೆ, ಉತ್ತರ ಏನೇ ಬಂದರೂ, ಹತ್ತಿರ ಹತ್ತಿರ ಅರ್ಧ ಉದುರುತ್ತದೋ ಅದನ್ನೇ ನಮ್ಮ ಮುಂದೆ ಇಡುತ್ತದೆ. ಅದು ತಾರೀಕಿನ ಪ್ರಕಾರ ನಡುವಿನದು ಆಗಿರಬೇಕಾಗಿಲ್ಲ. ಯಾರದೋ ಹಳೆಯ ಬ್ರಾಂಚ್‌ನ ಹೊಟ್ಟೆಯೊಳಗಿನ ಕಮಿಟ್ ಕೂಡ ಆಗಿರಬಹುದು. ಮೊದಲ ಸಲ ಹಾಗೆ ಮೂರು ವಾರ ಹಿಂದಕ್ಕೆ, ಮತ್ತೆ ಮುಂದಕ್ಕೆ, ಮತ್ತೆ ಪಕ್ಕಕ್ಕೆ ಜಿಗಿಯುವುದನ್ನು ಕಂಡಾಗ ಗಾಬರಿಯಾಗುತ್ತದೆ. ಗಾಬರಿ ಬೇಡ, ಅದು ಸರಿಯಾಗಿಯೇ ಹೋಗುತ್ತಿರುತ್ತದೆ.

ಈಗ ನಾನು ಓಡಿಸಿದ್ದು. ಮರುತೂಕದ ಲಾಟ್ ಒಂದನ್ನು ಹಾಕಿ, ನಿವ್ವಳ ತೂಕ 1,107 ಬಂದರೆ ಸರಿ, ಇಲ್ಲದಿದ್ದರೆ ತಪ್ಪು ಅಂತ ಹೇಳುವ ಚಿಕ್ಕ ಸ್ಕ್ರಿಪ್ಟ್ ಬರೆದೆ. ಅದನ್ನು ರೆಪೊದ ಹೊರಗೆ ಇಟ್ಟೆ. ಇದು ಮುಖ್ಯ. ಬೈಸೆಕ್ಟ್ ಪ್ರತಿ ಹಂತದಲ್ಲೂ ಫೈಲುಗಳನ್ನು ಹಳೆಯ ಸ್ಥಿತಿಗೆ ತಿರುಗಿಸುತ್ತದೆ, ಸ್ಕ್ರಿಪ್ಟನ್ನು ರೆಪೊದೊಳಗೆ ಕಮಿಟ್ ಮಾಡಿಟ್ಟರೆ ಅದೂ ಮಾಯವಾಗಿಬಿಡುತ್ತದೆ. ಇವತ್ತಿನ ಕಮಿಟ್ ಕೆಟ್ಟದ್ದು, ದೀಪಾವಳಿಯದು ಒಳ್ಳೆಯದು ಅಂತ ಹೇಳಿ ರನ್ ಕೊಟ್ಟೆ. ಇನ್ನು 205 ಉಳಿದಿವೆ, ಸುಮಾರು 8 ಹಂತ ಅಂತ ತೋರಿಸಿತು. ಒಂದು ಟೆಸ್ಟ್‌ಗೆ ಬಿಲ್ಡ್ (ಕೋಡನ್ನು ಓಡುವ ಪ್ರೋಗ್ರಾಂ ಮಾಡುವುದು) ಸೇರಿ 40 ಸೆಕೆಂಡ್. ಆರು ನಿಮಿಷದಲ್ಲಿ ಉತ್ತರ ಬಂತು.

ಉತ್ತರ ತಪ್ಪಾಗಿತ್ತು. ದೀಪಾವಳಿ ಆವೃತ್ತಿಯ ಮರುದಿನ ಚೀಟಿಯ ಅಕ್ಷರ ದೊಡ್ಡದು ಮಾಡಿದ ಕಮಿಟ್ ಅನ್ನು ಅದು ಹಿಡಿದುಕೊಟ್ಟಿತ್ತು. ಅಕ್ಷರದ ಗಾತ್ರಕ್ಕೂ ಚೀಲದ ತೂಕಕ್ಕೂ ಏನು ಸಂಬಂಧ?

ಬೈಸೆಕ್ಟ್ ತಪ್ಪು ಮಾಡಿರಲಿಲ್ಲ. ತಪ್ಪು ನನ್ನ ಪ್ರಶ್ನೆಯಲ್ಲಿತ್ತು. ಮರುತೂಕ ಅನ್ನುವ ಸೌಲಭ್ಯವೇ ದೀಪಾವಳಿಯ ಆಮೇಲೆ ಬಂದದ್ದು. ಅದಕ್ಕಿಂತ ಹಿಂದಿನ ಕಮಿಟ್‌ಗಳಲ್ಲಿ, ಮತ್ತು ಆ ಸೌಲಭ್ಯ ಇನ್ನೂ ಸೇರದ ಬೇರೆ ಬ್ರಾಂಚ್‌ಗಳಲ್ಲಿ, ನನ್ನ ಸ್ಕ್ರಿಪ್ಟ್ "ಇಂಥ ಫಂಕ್ಷನ್ ಇಲ್ಲ" ಅಂತ ಸೋತು ಹೊರಗೆ ಬರುತ್ತಿತ್ತು. ಸೋತರೆ ಎಕ್ಸಿಟ್ ಕೋಡ್, ಅಂದರೆ ಸ್ಕ್ರಿಪ್ಟ್ ಮುಗಿಯುವಾಗ ಕೊಡುವ ಅಂಕಿ, 1. ಬೈಸೆಕ್ಟ್‌ಗೆ ಅದು "ಕೆಟ್ಟದ್ದು". ಯಾಕೆ ಸೋತಿತು ಅಂತ ಅದು ಕೇಳುವುದಿಲ್ಲ. ಕಮಿಟ್ ಒಳಗೆ ಏನು ಬರೆದಿದೆ ಅಂತ ಓದುವುದೂ ಇಲ್ಲ. ನಾವು ಹೇಳಿದ್ದನ್ನು ನಂಬಿ ಲೆಕ್ಕ ಮಾಡುತ್ತದೆ, ಅಷ್ಟೇ.

ಎರಡನೇ ಸಲ, ಸೌಲಭ್ಯ ಇಲ್ಲದಿದ್ದರೆ 125 ಕೊಡುವ ಹಾಗೆ ಮಾಡಿದೆ. ಬೈಸೆಕ್ಟ್ ರನ್‌ಗೆ 0 ಅಂದರೆ ಒಳ್ಳೆಯದು, 1ರಿಂದ 127ರವರೆಗೆ ಕೆಟ್ಟದ್ದು, ಅದರಲ್ಲಿ 125 ಮಾತ್ರ "ಇದನ್ನು ನೋಡಲು ಆಗುವುದಿಲ್ಲ, ಬಿಟ್ಟು ಮುಂದೆ ಹೋಗು" ಅಂತ. 128 ಮತ್ತು ಅದಕ್ಕಿಂತ ಜಾಸ್ತಿ ಬಂದರೆ ಹುಡುಕಾಟವನ್ನೇ ನಿಲ್ಲಿಸುತ್ತದೆ. ಹೀಗೆ ಓಡಿಸಿದರೆ ಒಂದು ಗಂಟೆಗೂ ಜಾಸ್ತಿ ಹಿಡಿಯಿತು. ಕೊನೆಗೆ, ಉಳಿದಿರುವವು ಬಿಟ್ಟುಬಿಟ್ಟ ಕಮಿಟ್‌ಗಳೇ, ಇವುಗಳಲ್ಲಿ ಯಾವುದು ಬೇಕಾದರೂ ಆಗಿರಬಹುದು ಅಂತ 61 ಕಮಿಟ್‌ಗಳ ಪಟ್ಟಿ ಕೊಟ್ಟಿತು. ಸುಳ್ಳಲ್ಲ, ಆದರೆ ಉಪಯೋಗವೂ ಇಲ್ಲ.

ಆಗ ಚಹಾ ತರಿಸಿಕೊಂಡು ಒಂದು ಹಾಳೆ ತೆಗೆದು ಬ್ರಾಂಚ್‌ಗಳ ಗೆರೆ ಎಳೆದು ಯೋಚಿಸಿದೆ. ನಾನು ಹುಡುಕುತ್ತಿರುವುದು ಏನು? ಚೀಲದ ತೂಕ ಎರಡು ಸಲ ಕಳೆಯುವುದು. ಮರುತೂಕವೇ ಇಲ್ಲದ ಕಡೆ ಎರಡು ಸಲ ಕಳೆಯಲು ಸಾಧ್ಯವೇ ಇಲ್ಲ. ಅಂದರೆ ಅಂಥ ಕಮಿಟ್ ಕೆಟ್ಟದ್ದೂ ಅಲ್ಲ, ನೋಡಲಾಗದ್ದೂ ಅಲ್ಲ. ಅದು ಒಳ್ಳೆಯದೇ. 125 ಇರುವುದು ಬಿಲ್ಡ್ ಆಗದ ಕಮಿಟ್‌ಗೆ. ಏನೂ ನೋಡಲು ಆಗಲಿಲ್ಲ, ಹೇಳಲು ಬರುವುದಿಲ್ಲ ಅನ್ನುವಾಗ ಮಾತ್ರ ಅದನ್ನು ಕೊಡಬೇಕು.

ಗೆರೆಯಂಥ ಹಿಸ್ಟರಿಯಲ್ಲಿ ಈ ತಲೆನೋವು ಕಡಿಮೆ, ಯಾಕೆಂದರೆ ಸೌಲಭ್ಯ ಒಂದು ದಿನ ಬಂದರೆ ಅಲ್ಲಿಂದ ಮುಂದೆ ಎಲ್ಲಾ ಕಮಿಟ್‌ನಲ್ಲೂ ಇರುತ್ತದೆ. ಹಳೆಯ ಕಡೆಯ ತುದಿಯನ್ನು ಸೌಲಭ್ಯ ಬಂದ ಮೇಲಿನ ಕಮಿಟ್‌ಗೆ ತಂದಿಟ್ಟರೆ ಆಯಿತು. ಕವಲುಗಳಲ್ಲಿ ಹಾಗಾಗುವುದಿಲ್ಲ. ನಿನ್ನೆ ಬರೆದ ಕಮಿಟ್‌ನಲ್ಲೂ ಆ ಸೌಲಭ್ಯ ಇಲ್ಲದೇ ಇರಬಹುದು, ಅದು ಇನ್ನೊಂದು ಬ್ರಾಂಚ್‌ನಲ್ಲಿರುವ ಕಾರಣ. ಇದನ್ನು ಯಾರಾದರೂ ನನಗೆ ಮೊದಲೇ ಹೇಳಿದ್ದರೆ ಆ ಸಂಜೆ ಎರಡು ಗಂಟೆ ಉಳಿಯುತ್ತಿತ್ತು.

ಮೂರನೇ ಸಲ, ಸೌಲಭ್ಯ ಇಲ್ಲದಿದ್ದರೆ 0. ಮತ್ತೆ ಆರು ನಿಮಿಷ. ಈ ಸಲ ಬೆರಳು ತೋರಿಸಿದ್ದು ಒಂದು ಮರ್ಜ್ ಕಮಿಟ್ ಕಡೆಗೆ. ಕಮಿಟ್‌ನ ಬದಲಾವಣೆ ತೋರಿಸುವ ಗಿಟ್ ಶೋ ಕೊಟ್ಟು ನೋಡಿದೆ. ಹೆಸರು, ತಾರೀಕು, ಎರಡು ಪೇರೆಂಟ್‌ಗಳ (ಸೇರಿದ ಎರಡು ಕವಲುಗಳ ಕೊನೆಯ ಕಮಿಟ್‌ಗಳ) ಗುರುತು. ಅದರ ಕೆಳಗೆ ಏನೂ ಇಲ್ಲ, ಖಾಲಿ. ಒಂದು ಸಾಲಿನ ಬದಲಾವಣೆಯೂ ಇಲ್ಲದ ಕಮಿಟ್ ಹೇಗೆ ತಪ್ಪಿತಸ್ಥ ಆಗುತ್ತದೆ ಅಂತ ಪಕ್ಕದಲ್ಲಿದ್ದ ಸಹೋದ್ಯೋಗಿ ಕೇಳಿದರು. "ಏನೂ ಮಾಡದವರ ಮ್ಯಾಲೆ ಹೆಂಗ್ರೀ ಕೇಸ್ ಹಾಕೋದು?"

ಎರಡೂ ಪೇರೆಂಟ್‌ಗಳನ್ನು ಬೇರೆ ಬೇರೆಯಾಗಿ ತೆಗೆದು ಕೈಯಿಂದಲೇ ಟೆಸ್ಟ್ ಮಾಡಿದೆವು. ಎರಡೂ ಸರಿ. ಸೇರಿದ ಕೂಡಲೇ ತಪ್ಪು. ವರದೆಯೂ ತಿಳಿ, ತುಂಗಭದ್ರೆಯೂ ತಿಳಿ, ಗಳಗನಾಥದಲ್ಲಿ ಕೂಡಿದ ಮೇಲೆ ಕದಡಿದ ಹಾಗೆ.

ಆದದ್ದು ಇಷ್ಟು. ತೂಕ ಕೊಡುವ ಒಂದು ಫಂಕ್ಷನ್ ಇತ್ತು, ಅದು ಚೀಲ ಸೇರಿದ ಒಟ್ಟು ತೂಕ ಕೊಡುತ್ತಿತ್ತು. ಒಂದು ಬ್ರಾಂಚ್‌ನಲ್ಲಿ ಅದನ್ನು ಬದಲಿಸಿ, ಚೀಲ ಕಳೆದ ನಿವ್ವಳ ತೂಕವನ್ನೇ ಕೊಡುವಂತೆ ಮಾಡಿ, ಅದನ್ನು ಕರೆಯುವ ಎಲ್ಲಾ ಕಡೆಯೂ ಕಳೆಯುವ ಸಾಲು ತೆಗೆದರು. ಒಳ್ಳೆಯ ಕೆಲಸ. ಅದೇ ದಿನಗಳಲ್ಲಿ ಇನ್ನೊಂದು ಬ್ರಾಂಚ್‌ನಲ್ಲಿ ಮರುತೂಕದ ಚೀಟಿ ಹೊಸದಾಗಿ ಬರೆಯುತ್ತಿದ್ದೆವು. ಅಲ್ಲಿ ಫಂಕ್ಷನ್ ಇನ್ನೂ ಹಳೆಯದು, ಹಾಗಾಗಿ ತೂಕ ತೆಗೆದುಕೊಂಡು ಚೀಲ ಕಳೆದೆವು. ಅದೂ ಸರಿ. ಎರಡು ಕೆಲಸವೂ ಬೇರೆ ಬೇರೆ ಫೈಲುಗಳಲ್ಲಿ ಇದ್ದದ್ದರಿಂದ ಮರ್ಜ್ ಮಾಡುವಾಗ ಕಾನ್‌ಫ್ಲಿಕ್ಟ್ (ಒಂದೇ ಜಾಗದಲ್ಲಿ ಎರಡು ಬದಲಾವಣೆಯ ತಿಕ್ಕಾಟ) ಬರಲಿಲ್ಲ. ಗಿಟ್ ನೋಡುವುದು ಸಾಲುಗಳನ್ನು, ಅರ್ಥವನ್ನಲ್ಲ. ಮರುತೂಕಕ್ಕೆ ನಾವು ಟೆಸ್ಟ್ ಬರೆದಿರಲಿಲ್ಲ, ಹಾಗಾಗಿ ಬಗ್ ಹಾಗೇ ಬ್ಯಾಡಗಿವರೆಗೂ ಹೋಯಿತು.

ಮರ್ಜ್ ಕಮಿಟ್ ಸಿಕ್ಕಿತು ಅಂದರೆ ಕೆಲಸ ಮುಗಿಯಲಿಲ್ಲ, ಯಾವ ಸಾಲು ಅಂತ ಇನ್ನೂ ಗೊತ್ತಿಲ್ಲ. ಇಲ್ಲಿ ಒಂದು ಉಪಾಯ ಇದೆ, ದಯವಿಟ್ಟು ಕಲಿತಿಟ್ಟುಕೊಳ್ಳಿ. ಪ್ರಯೋಗಕ್ಕೆ ಅಂತ ಹೊಸ ಬ್ರಾಂಚ್ ತೆಗೆದು, ಮರುತೂಕ ಬ್ರಾಂಚ್‌ನ 14 ಕಮಿಟ್‌ಗಳನ್ನು ಮರ್ಜ್‌ನ ಇನ್ನೊಂದು ಪೇರೆಂಟ್ ಮೇಲೆ ರೀಬೇಸ್ ಮಾಡಿದೆ, ಅಂದರೆ ಅದರ ಮುಂದೆ ಒಂದಾದ ಮೇಲೆ ಒಂದು ಕೂರಿಸಿದೆ. ಈಗ ಕವಲು ಹೋಗಿ ಒಂದೇ ಗೆರೆಯಾಯಿತು. ಅದರ ಮೇಲೆ ಮತ್ತೊಮ್ಮೆ ಬೈಸೆಕ್ಟ್. ನಾಲ್ಕು ಹಂತಕ್ಕೆ ಆರನೇ ಕಮಿಟ್ ಸಿಕ್ಕಿತು, ಅದರೊಳಗೆ ಚೀಲ ಕಳೆಯುವ ಆ ಸಾಲು. ಮುಗಿದ ಮೇಲೆ ಪ್ರಯೋಗದ ಬ್ರಾಂಚ್ ಅಳಿಸಿಹಾಕಿದೆ. ಅಸಲಿ ಹಿಸ್ಟರಿಗೆ ಕೈ ಹಚ್ಚಲಿಲ್ಲ.

ಮಾರನೇ ಭಾನುವಾರ ಧಾರವಾಡದ ಮನೆಯಲ್ಲಿ ಕೂತು ಇದನ್ನೆಲ್ಲಾ ಮತ್ತೆ ಪರೀಕ್ಷೆ ಮಾಡಬೇಕು ಅನಿಸಿತು. ಕೆಲಸದ ರೆಪೊದಲ್ಲಿ ಒಂದು ಸಲ ಸರಿ ಬಂತು ಅಂದ ಮಾತ್ರಕ್ಕೆ ಉಪಕರಣವನ್ನು ನಂಬಬಾರದು. ಹನ್ನೆರಡು ಕಮಿಟ್‌ನ ಪುಟ್ಟ ರೆಪೊ ಕಟ್ಟಿ, ಬಗ್ ಎಲ್ಲಿದೆ ಅಂತ ನನಗೇ ಗೊತ್ತಿರುವ ಹಾಗೆ ಬೇರೆ ಬೇರೆ ಜಾಗದಲ್ಲಿ ಇಟ್ಟು ನೋಡಿದೆ. ಬಗ್ ಪಕ್ಕದ ಬ್ರಾಂಚ್‌ನ ಒಳಗಿದ್ದರೆ ಬೈಸೆಕ್ಟ್ ನೇರ ಅಲ್ಲಿಗೇ ಇಳಿಯುತ್ತದೆ. ಮರ್ಜ್‌ನಲ್ಲೇ ಇದ್ದರೆ ಮರ್ಜನ್ನೇ ಹಿಡಿಯುತ್ತದೆ. ಇವೆರಡರಲ್ಲಿ ಒಂದು ಸಲವೂ ತಪ್ಪಲಿಲ್ಲ.

ನನಗೆ ಜಾಸ್ತಿ ಇಷ್ಟವಾದದ್ದು ಬೇರೆ. ಒಳ್ಳೆಯದು ಅಂತ ಕೊಟ್ಟ ಕಮಿಟ್, ಕೆಟ್ಟದ್ದರ ಹಿಂದಿನ ದಾರಿಯಲ್ಲೇ ಇಲ್ಲದಿದ್ದರೆ? ನಮ್ಮಲ್ಲಿ ಇದು ದಿನಾ ಆಗುವಂಥದ್ದು, ಒಂದು ಅಂಗಡಿಗೆ ಕೊಟ್ಟ ರಿಲೀಸ್ ಬ್ರಾಂಚ್‌ನಲ್ಲಿ ಸರಿ ಇದೆ, ಮೇನ್‌ನಲ್ಲಿ (ಮುಖ್ಯ ಗೆರೆಯಲ್ಲಿ) ಕೆಟ್ಟಿದೆ ಅನ್ನುವ ಪರಿಸ್ಥಿತಿ. ಆಗ ಬೈಸೆಕ್ಟ್ ಸುಮ್ನೆ ಅರ್ಧ ಮಾಡಲು ಹೋಗುವುದಿಲ್ಲ. ಮೊದಲು ಎರಡೂ ಕವಲು ಒಡೆದ ಜಾಗವನ್ನು, ಅಂದರೆ ಮರ್ಜ್ ಬೇಸ್ ಅನ್ನು, ಟೆಸ್ಟ್ ಮಾಡಿ ಅನ್ನುತ್ತದೆ. ಅದು ಸರಿ ಇದ್ದರೆ ಅಲ್ಲಿಂದ ಮುಂದೆ ಹುಡುಕುತ್ತದೆ. ಅದೇ ಕೆಟ್ಟಿದ್ದರೆ ನಿಂತುಬಿಡುತ್ತದೆ: ಈ ಬಗ್ ಮೊದಲಿನಿಂದಲೂ ಇತ್ತು, ನಿಮ್ಮ ಒಳ್ಳೆಯ ಬ್ರಾಂಚ್‌ನಲ್ಲಿ ಯಾರೋ ಸರಿ ಮಾಡಿದ್ದಾರೆ ಅನ್ನುತ್ತದೆ. ಎಷ್ಟು ಚೆಂದದ ಉತ್ತರ ನೋಡಿ! ಆಗ ನಮಗೆ ಬೇಕಾದದ್ದು ಬಗ್ ತಂದ ಕಮಿಟ್ ಅಲ್ಲ, ಸರಿ ಮಾಡಿದ ಕಮಿಟ್. ಅದನ್ನು ಹುಡುಕಲು ಓಲ್ಡ್, ನ್ಯೂ ಅನ್ನುವ ಪದಗಳಿವೆ. "ಸರಿಯಾದದ್ದು ಕೆಟ್ಟದ್ದು, ಕೆಟ್ಟದ್ದು ಒಳ್ಳೆಯದು" ಅಂತ ತಲೆ ತಿರುಗಿಸಿಕೊಳ್ಳಬೇಕಾಗಿಲ್ಲ.

ಕೈಕೊಟ್ಟದ್ದು ಎಲ್ಲಿ? ಬಗ್ ಒಂದು ಸಲ ಬಂದು, ಹೋಗಿ, ಮತ್ತೆ ಬಂದಿದ್ದರೆ. ಆಗ ಅದು ಎರಡರಲ್ಲಿ ಒಂದನ್ನು ಕೊಡುತ್ತದೆ, ಯಾವುದು ಅನ್ನುವುದು ಅದು ಹಿಡಿದ ದಾರಿಯನ್ನು ಅವಲಂಬಿಸಿರುತ್ತದೆ. ಒಮ್ಮೆ ಕೆಟ್ಟರೆ ಅಲ್ಲಿಂದ ಕೆಳಗೆ ಎಲ್ಲಾ ಕೆಟ್ಟಿರುತ್ತದೆ ಅಂತ ನಂಬಿಕೊಂಡು ನಡೆಯುವ ಉಪಕರಣ ಇದು. ಅಲ್ಲದೆ ಒಂದು ಕಮಿಟ್ ಸರಿ ಅಂದ ಕೂಡಲೇ ಅದರ ಮೇಲಿನದೆಲ್ಲಾ ಸರಿ ಅಂತ ನೋಡದೇ ಬಿಡುತ್ತದೆ. ಅಂದರೆ ಕೊನೆಗೆ ಸಿಕ್ಕ ಮರ್ಜ್‌ನ ಪೇರೆಂಟ್‌ಗಳನ್ನು ಅದು ನಿಜವಾಗಿ ಓಡಿಸಿ ನೋಡಿರಲಿಕ್ಕಿಲ್ಲ. ಅದಕ್ಕೇ ಮೇಲೆ ಹೇಳಿದ ಹಾಗೆ ಎರಡನ್ನೂ ಕೈಯಿಂದ ಒಮ್ಮೆ ನೋಡಿ.

ಅರ್ಧ ಅಂಕ ಕಳೆದದ್ದಕ್ಕೆ ಕಾರಣ ಇದಲ್ಲ, ಅದರ ಮಾತುಗಾರಿಕೆ. ನೂರು ಕಮಿಟ್ ಒಂದೇ ರೀತಿ ಸೋಲುತ್ತಿದ್ದರೂ "ನಿಮ್ಮ ಟೆಸ್ಟ್ ಒಮ್ಮೆ ನೋಡಿಕೊಳ್ಳಿ" ಅಂತ ಒಂದು ಮಾತು ಹೇಳುವುದಿಲ್ಲ. ಹೊಸಬರಿಗೆ ಇದು ಕಷ್ಟ. ಮುಗಿದ ಮೇಲೆ ರೀಸೆಟ್ ಕೊಡದೇ ಇದ್ದರೆ ಎಲ್ಲೋ ನಡುವಿನ ಕಮಿಟ್ ಮೇಲೆ ನಿಂತಿರುತ್ತೇವೆ, ಅಲ್ಲೇ ಕೆಲಸ ಶುರು ಮಾಡಿದರೆ ಆ ಕಮಿಟ್‌ಗಳು ಯಾವ ಬ್ರಾಂಚ್‌ಗೂ ಸೇರುವುದಿಲ್ಲ. ಕೈಯಿಂದ ಹೇಳುವಾಗ ಒಂದು ಉತ್ತರ ತಪ್ಪಿದರೆ ಪೂರ್ತಿ ಮೊದಲಿನಿಂದ ಮಾಡಬೇಕಾಗಿಲ್ಲ ಅನ್ನುವುದು ಸಮಾಧಾನ: ಬೈಸೆಕ್ಟ್ ಲಾಗ್ ಅನ್ನು ಫೈಲಿಗೆ ಬರೆಸಿ, ತಪ್ಪಿದ ಸಾಲು ಅಳಿಸಿ, ರೀಪ್ಲೇ ಕೊಟ್ಟರೆ ಅಲ್ಲಿಂದಲೇ ಮುಂದುವರಿಯುತ್ತದೆ.

ನಮ್ಮ ಹಾಗೆ ಮರ್ಜ್ ಜಾಸ್ತಿ ಮಾಡುವವರು ಫಸ್ಟ್ ಪೇರೆಂಟ್ ಆಯ್ಕೆಯನ್ನು ಮೊದಲು ಕೊಡಿ. 2020ರ ಅಕ್ಟೋಬರ್‌ನಲ್ಲಿ ಬಂದ ಗಿಟ್ 2.29ರಿಂದ ಇದು ಇದೆ. ಕವಲುಗಳ ಒಳಗೆ ಇಳಿಯದೆ ಮೇನ್ ಗೆರೆಯ ಮೇಲೆ ಮಾತ್ರ ನಡೆಯುತ್ತದೆ. ನಮ್ಮ 412 ಕಮಿಟ್‌ನಲ್ಲಿ ಆ ಗೆರೆಯ ಮೇಲೆ ಇದ್ದದ್ದು 37. ಐದು ಟೆಸ್ಟ್‌ಗೆ ಅದೇ ಮರ್ಜ್ ಸಿಕ್ಕಿತು. ಬ್ರಾಂಚ್ ಒಳಗಿನ ಅರೆಬರೆ, ಬಿಲ್ಡ್ ಆಗದ ಕಮಿಟ್‌ಗಳ ಕಾಟವೂ ಇಲ್ಲ. ಸಿಕ್ಕ ಮೇಲೆ ಬೇಕಾದರೆ ಆ ಒಂದು ಬ್ರಾಂಚ್ ಒಳಗೆ ಇಳಿಯಬಹುದು.

ಇನ್ನು "ಯಾವತ್ತಿನಿಂದ" ಅನ್ನುವ ಪ್ರಶ್ನೆ. ತಪ್ಪಿದ ಸಾಲಿನ ಕಮಿಟ್ ಮೇಲೆ ಇದ್ದ ತಾರೀಕು ಮರ್ಜ್‌ಗಿಂತ 16 ದಿನ ಹಿಂದಿನದು. ಬರೀ ಸಾಲನ್ನು ಹುಡುಕಿ ಆ ತಾರೀಕು ಹಿಡಿದುಕೊಂಡಿದ್ದರೆ ಸರಿಯಾಗಿದ್ದ ಚೀಟಿಗಳನ್ನೂ ತಪ್ಪು ಅಂತ ಎಣಿಸುತ್ತಿದ್ದೆವು. ಚೀಲ ಎರಡು ಸಲ ಕಳೆಯಲು ಶುರುವಾದದ್ದು ಮರ್ಜ್‌ನ ಆಮೇಲೆ, ಅಂಗಡಿಗೆ ಹೋದದ್ದು ಅದರ ಮುಂದಿನ ರಿಲೀಸ್‌ನಲ್ಲಿ. ಆ ರಿಲೀಸ್‌ನಿಂದ ಸೋಮವಾರದವರೆಗೆ ಮರುತೂಕ ಆದ ಲಾಟ್‌ಗಳನ್ನು ತೆಗೆದರೆ 43 ಇದ್ದವು. ಪ್ರತಿ ಲಾಟಿನ ಚೀಲ, ಬರಬೇಕಾದ ತೂಕ, ಬಂದ ತೂಕ, ರೈತರಿಗೆ ಕೊಡಬೇಕಾದ ಬಾಕಿ ಎಲ್ಲಾ ಸೇರಿಸಿ ಎರಡು ಪುಟದ ಪಟ್ಟಿ ಮಾಡಿ ಬುಧವಾರ ರಾತ್ರಿ ಗುಮಾಸ್ತರಿಗೆ ಕಳಿಸಿದೆವು. ಗುರುವಾರ ಬೆಳಿಗ್ಗೆ ಮಾರ್ಕೆಟ್ ಶುರುವಾಗುವ ಮೊದಲೇ ಅವರು ಪಟ್ಟಿಯ ಮೊದಲ ಹೆಸರಿನವರಿಗೆ ಫೋನ್ ಮಾಡಿದ್ದರು.